ಎದುರಾಳಿಯ ಕ್ಯಾಮೆರಾ ಮೂರು ದಿನ ನನ್ನ ಕೊರಳಲ್ಲಿ

ಚೆನ್ನೈನಲ್ಲಿ ಬದುಕುವ ಕನ್ನಡಿಗರಿಗೆ ಎದುರಾಳಿ ತಂಡದವರ ನಡುವೆ ಕೂರುವುದು ಹೊಸತಲ್ಲ. ಚೆಪಾಕ್ ಮೈದಾನದಲ್ಲಿ ಸುತ್ತಲೂ ಹಳದಿ ಅಂಗಿಗಳ ಸಮುದ್ರ, ಅದರ ನಡುವೆ ನಮ್ಮದೊಂದು ಕೆಂಪು ಟೋಪಿ. 2008ರಲ್ಲಿ ಇಲ್ಲಿ ಗೆದ್ದ ಬೆಂಗಳೂರು ತಂಡ ಮತ್ತೆ ಗೆಲ್ಲಲು 2025ರ ಮಾರ್ಚ್ 28ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ! ಅಷ್ಟೂ ವರ್ಷ ಅಕ್ಕಪಕ್ಕದವರ ತಮಾಷೆಯನ್ನು ನಗುನಗುತ್ತಲೇ ನುಂಗಿಕೊಂಡವರು ನಾವು. ನಿಷ್ಠೆ ಎಂದರೇನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ನಿಷ್ಠೆಯ ಕತೆ. ಮೈದಾನದ ಗೆರೆಯ ಆಚೆ ಮಂಡಿಯೂರಿ ಫೋಟೊ ತೆಗೆಯುವವರನ್ನು ಟಿವಿಯಲ್ಲಿ ನೀವು ನೋಡಿರುತ್ತೀರಿ. ಅವರಲ್ಲಿ ಬಹುಕಾಲ ಎರಡೇ ಪಂಗಡ. ಉದ್ದನೆಯ ಬಿಳಿ ಲೆನ್ಸ್ ಹಿಡಿದವರು ಕ್ಯಾನನ್, ಕಪ್ಪು ಲೆನ್ಸ್ ಹಿಡಿದವರು ನಿಕಾನ್. ಈಚೆಗೆ ಸೋನಿಯವರು ಮೂರನೆಯ ಪಂಗಡ ಕಟ್ಟಿಕೊಂಡಿದ್ದಾರೆ. ಒಮ್ಮೆ ಒಂದು ಪಂಗಡ ಸೇರಿದರೆ ಬಿಡುವುದು ಕಷ್ಟ, ಏಕೆಂದರೆ ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕೆ ಕೂರುವುದಿಲ್ಲ. ಕ್ಯಾಮೆರಾ ಹಳತಾಗುತ್ತದೆ, ಬದಲಾಗುತ್ತದೆ. ಲೆನ್ಸ್ ಹಾಗಲ್ಲ, ಅದು ಆಸ್ತಿ. ಮನೆ ಕಟ್ಟಿದ ಮೇಲೆ ಪಕ್ಕದ ಬೀದಿ ಚೆನ್ನಾಗಿದೆ ಎಂದು ಗೊತ್ತಾದರೆ ಏನು ಮಾಡುತ್ತೀರಿ?

ನಾನು ಬಿಳಿ ಲೆನ್ಸಿನವನು. ಊರು ಭದ್ರಾವತಿ. ಅಪ್ಪನ ಬಳಿ ಒಂದು ಅಗ್ಫಾ ಕ್ಲಿಕ್-3 ಇತ್ತು. ಒಂದು ರೋಲಿಗೆ 12 ಚಿತ್ರ. ಅಷ್ಟರಲ್ಲೇ ಒಂದು ನಾಮಕರಣ, ಒಂದು ಜಾತ್ರೆ, ಒಂದು ದೀಪಾವಳಿ ಮುಗಿಯಬೇಕು. ಅಪ್ಪ ಬಟನ್ ಒತ್ತುವ ಮೊದಲು ಅಷ್ಟು ಹೊತ್ತು ಯೋಚಿಸುತ್ತಿದ್ದುದರಿಂದ ನಮ್ಮ ಮನೆಯ ಹಳೆಯ ಫೋಟೊಗಳಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಹೊಟ್ಟೆಪಾಡಿಗೆ ಚೆನ್ನೈಗೆ ಬಂದು ಇಪ್ಪತ್ತು ವರ್ಷ ದಾಟಿತು. ಈಗ ಶಾಲೆ ಕಾಲೇಜುಗಳ ಕ್ರೀಡಾಕೂಟ, ಲೀಗ್ ಕ್ರಿಕೆಟ್, ಬ್ಯಾಡ್ಮಿಂಟನ್ ಅಕಾಡೆಮಿ, ಬೈಕ್ ರೇಸು, ಹೀಗೆ ಕರೆದಲ್ಲಿಗೆ ಹೋಗಿ ಫೋಟೊ ತೆಗೆಯುವುದೇ ನನ್ನ ಉದ್ಯೋಗ. 2017ರಿಂದ ಕೈಯಲ್ಲಿರುವುದು ಕ್ಯಾನನ್ ಒನ್ ಡಿ ಎಕ್ಸ್ ಮಾರ್ಕ್ 2. ಅದರ ಷಟರ್ ನಾಲ್ಕು ಲಕ್ಷ ಕ್ಲಿಕ್ಕಿನವರೆಗೆ ಬಾಳುವಂತೆ ಪರೀಕ್ಷೆ ಮಾಡಿದ್ದೇವೆ ಎಂದು ಕಂಪನಿ ಹೇಳುತ್ತದೆ. ನನ್ನದು ಆ ಗಡಿಯನ್ನು ಯಾವತ್ತೋ ದಾಟಿದೆ. ಅಂದರೆ ಗಾಡಿ ಓಡುತ್ತಿದೆ, ಆದರೆ ಯಾವ ಪಂದ್ಯದ ನಡುವೆ ನಿಲ್ಲುತ್ತದೋ ಹೇಳಲಾಗದು.

ಹೊಸದು ಕೊಳ್ಳಲೇಬೇಕು. ಈ ದರ್ಜೆಯಲ್ಲಿ ಒಳಗೆ ಕನ್ನಡಿ ಇರುವ ಹೊಸ ಕ್ಯಾಮೆರಾ 2020ರ ನಂತರ ಕ್ಯಾನನ್ನಿನಿಂದಲೂ ಬಂದಿಲ್ಲ, ನಿಕಾನ್‌ನಿಂದಲೂ ಬಂದಿಲ್ಲ. ಇನ್ನೇನಿದ್ದರೂ ಕನ್ನಡಿ ಇಲ್ಲದ ಮಿರರ್‌ಲೆಸ್ ಕಾಲ. ಹೇಗೂ ಬದಲಾಗಬೇಕು, ಬೇರೆ ಬೀದಿಗೇ ಹೋಗಿಬಿಟ್ಟರೆ ಹೇಗೆ ಎಂಬ ಹುಳ ತಲೆಗೆ ಹೊಕ್ಕಿತು. ನಿಕಾನ್ ಜೆಡ್ 9 ಬಗ್ಗೆ ಗೆಳೆಯರು ಹೊಗಳಿದ್ದೇ ಹೊಗಳಿದ್ದು. ಅದು ಬಿಡುಗಡೆಯಾದಾಗ ಬರೀ ಬಾಡಿಯ ಬೆಲೆ ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ. ಅದೇ ಪಂಗಡದ 400 ಎಂಎಂ ಎಫ್ 2.8 ಲೆನ್ಸ್ ಬೇಕೆಂದರೆ ಹತ್ತು ಲಕ್ಷವೂ ಸಾಲದು. ಮಗಳಿಗೆ ಇನ್ನೂ ಎರಡು ವರ್ಷ ಕಾಲೇಜು ಫೀಸು ಕಟ್ಟುವುದಿದೆ. ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ರೀ, ಸ್ಕೂಟರ್ ಕೊಳ್ಳೋವಾಗ್ಲೂ ಒಂದು ಸುತ್ತು ಓಡಿಸಿ ನೋಡ್ತೀವಿ. ಬಾಡಿಗೆಗೆ ತಂದು ನೋಡಿ, ಆಮೇಲೆ ಮಾತಾಡೋಣ."

ಸಿನಿಮಾದವರ ಕೃಪೆಯಿಂದ ಕೋಡಂಬಾಕ್ಕಂ, ವಡಪಳನಿ ಕಡೆ ಎಂಥ ಕ್ಯಾಮೆರಾ ಬೇಕಾದರೂ ಬಾಡಿಗೆಗೆ ಸಿಗುತ್ತದೆ. ಆಧಾರ್ ಕಾರ್ಡು, ಮುಂಗಡ ಹಣ, ನಾಲ್ಕು ಕಡೆ ಸಹಿ. ಜೆಡ್ 9 ಜೊತೆಗೆ ಒಂದು 70-200 ಜೂಮ್, ಒಂದು 400 ಎಂಎಂ ಎಫ್ 4.5 ಲೆನ್ಸ್ ಹಿಡಿದು ಮನೆಗೆ ಬಂದೆ. ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ, ಮೂರು ಕೆಲಸ. ಅಂಗಡಿಯಲ್ಲಿ ನಿಂತು ರಸ್ತೆಯ ಆಟೊ ಕಡೆ ಗುರಿಯಿಟ್ಟು ನೋಡುವುದು ಬೇರೆ, ದುಡ್ಡು ಕೊಡುವವರ ಕೆಲಸದಲ್ಲಿ ನೋಡುವುದು ಬೇರೆ. ಹಾಗೆಂದು ಗಿರಾಕಿಯ ಕೆಲಸವನ್ನು ಗುರುತಿಲ್ಲದ ಯಂತ್ರದ ಕೈಗೆ ಪೂರ್ತಿ ಒಪ್ಪಿಸಲಾಗದು. ನನ್ನ ಹಳೆಯದೂ ಇನ್ನೊಂದು ಭುಜದ ಮೇಲಿತ್ತು.

ಮೊದಲ ದಿನ ನಂದನಂನ ವೈಎಂಸಿಎ ಮೈದಾನ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬಾತ ಮದರಾಸಿನಲ್ಲಿ ಶುರುಮಾಡಿದ ದೈಹಿಕ ಶಿಕ್ಷಣ ಕಾಲೇಜಿನ ಅಂಗಳ ಇದು. ನೂರು ವರ್ಷದಿಂದ ಡ್ರಿಲ್ ಮಾಸ್ತರರನ್ನು ತಯಾರು ಮಾಡಿ ನಾಡಿಗೆಲ್ಲ ಕಳಿಸಿದೆ. ಅಲ್ಲೊಂದು ಶಾಲಾ ಕ್ರೀಡಾಕೂಟ. ಬೆಳಿಗ್ಗೆ ಏಳಕ್ಕೇ ಬೆವರು ಇಳಿಯುತ್ತಿತ್ತು. ಚೆನ್ನೈನ ಬೇಸಿಗೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಎಸಿ ಕೋಣೆಯಲ್ಲಿಟ್ಟ ಲೆನ್ಸನ್ನು ನೇರ ಹೊರಗೆ ತಂದರೆ ಅದರ ಮೇಲೆಲ್ಲ ಮಂಜು ಕಟ್ಟುತ್ತದೆ. ಕ್ಯಾನನ್, ನಿಕಾನ್ ಎಂಬ ಭೇದ ಈ ಊರಿನ ಹವೆಗಿಲ್ಲ. ಹಿಂದಿನ ರಾತ್ರಿಯೇ ಚೀಲವನ್ನು ಎಸಿ ಇಲ್ಲದ ಕೋಣೆಯಲ್ಲಿಟ್ಟಿದ್ದೆ.

ಹರ್ಡಲ್ಸ್ ಓಟ ಶುರುವಾಯಿತು. ಕಣ್ಣು ಹುಡುಗಿಯರ ಮೇಲಿದೆ, ಎಡಗೈ ಜೂಮ್ ಉಂಗುರ ತಿರುಗಿಸುತ್ತದೆ, ಚಿತ್ರ ಹಿಗ್ಗುವ ಬದಲು ಕುಗ್ಗುತ್ತದೆ! ನಿಕಾನ್ ಜೂಮು ತಿರುಗುವುದೇ ಉಲ್ಟಾ. ಲೆನ್ಸ್ ಕೂರಿಸುವುದೂ ಉಲ್ಟಾ ದಿಕ್ಕಿಗೆ. ನಾವು ಬೆನ್ನ ಮೇಲಿನ ದೊಡ್ಡ ಚಕ್ರವನ್ನು ಹೆಬ್ಬೆರಳಲ್ಲಿ ತಿರುಗಿಸಿದರೆ ಅವರಿಗೆ ಮುಂದೊಂದು, ಹಿಂದೊಂದು ಸಣ್ಣ ಚಕ್ರ. ಹೆಸರುಗಳೂ ಬೇರೆ. ನಾವು 'ಟಿವಿ' ಎನ್ನುವುದನ್ನು ಅವರು 'ಎಸ್' ಎನ್ನುತ್ತಾರೆ, ನಮ್ಮ 'ಸರ್ವೊ' ಅವರ 'ಎಎಫ್-ಸಿ'.

ನನಗೆ ಆಗ ನೆನಪಾದದ್ದು ಈ ಊರಿಗೆ ಬಂದ ಹೊಸತರಲ್ಲಿ ತಮಿಳು ಕಲಿತ ರೀತಿ. ನಮ್ಮ ಹಾಲು ಅವರಿಗೆ ಪಾಲ್, ನಮ್ಮ ಹೂವು ಅವರಿಗೆ ಪೂ, ಹಲ್ಲು ಪಲ್, ಹುಲಿ ಪುಲಿ. ಸೂತ್ರ ಗೊತ್ತಾದರೆ ಅರ್ಧ ಭಾಷೆ ಬಂದ ಹಾಗೆಯೇ. ಆದರೂ ಬಸ್ಸು ಹೊರಟಾಗ, ಬೆರಳು ಬಾಗಿಲಿಗೆ ಸಿಕ್ಕಾಗ, ಬಾಯಿಗೆ ಬರುವುದು ಹುಟ್ಟುಭಾಷೆಯೇ. ಕೈಗೂ ಒಂದು ಹುಟ್ಟುಭಾಷೆ ಇದೆ. ಲಾಂಗ್ ಜಂಪ್‌ನಂಥ ನಿಧಾನದ ಸ್ಪರ್ಧೆಯಲ್ಲಿ ಅರ್ಧ ಗಂಟೆಯಲ್ಲೇ ಉಲ್ಟಾ ಉಂಗುರ ಸಲೀಸಾಯಿತು. ರಿಲೇ ಓಟದ ಕೊನೆಯ ಸುತ್ತಿನಲ್ಲಿ ಕೈ ಮತ್ತೆ ತನ್ನ ಹಳೆಯ ಮಾತನ್ನೇ ಆಡಿತು.

ತಮಾಷೆಯೆಂದರೆ ಈ ಎರಡು ಕಂಪನಿಗಳು ಮೊದಲಿಂದಲೂ ದಾಯಾದಿಗಳಲ್ಲ. 1917ರಲ್ಲಿ ನಿಪ್ಪಾನ್ ಕೊಗಾಕು ಎಂಬ ಹೆಸರಿನಲ್ಲಿ ಹುಟ್ಟಿದ್ದೇ ಇಂದಿನ ನಿಕಾನ್. ಕ್ಯಾನನ್ ಶುರುವಾದದ್ದು 1930ರ ದಶಕದಲ್ಲಿ, ಟೋಕಿಯೊದ ಒಂದು ಸಣ್ಣ ಪ್ರಯೋಗಾಲಯವಾಗಿ. ಅವರು ತಮ್ಮ ಮೊದಲ ಮಾದರಿಗೆ ಇಟ್ಟ ಹೆಸರು 'ಕ್ವಾನನ್'. ಅದು ಜಪಾನಿನ ಬೌದ್ಧರ ಕರುಣೆಯ ದೇವತೆಯ ಹೆಸರು. ನಮ್ಮ ಕಡೆಯಿಂದಲೇ ಹೋದ ಅವಲೋಕಿತೇಶ್ವರ! ಅವಲೋಕಿಸುವ ದೇವರ ಹೆಸರಿಗಿಂತ ಕ್ಯಾಮೆರಾಕ್ಕೆ ಒಪ್ಪುವ ಹೆಸರು ಬೇರೆ ಯಾವುದಿದ್ದೀತು? ಮುಂದೆ ಮಾರುಕಟ್ಟೆಗೆ ಬಂದ ಅವರ ಮೊದಲ ಕ್ಯಾಮೆರಾ ಹಾನ್ಸಾ ಕ್ಯಾನನ್. ಅದಕ್ಕೆ ಲೆನ್ಸ್ ಮಾಡಿಕೊಟ್ಟದ್ದು ಬೇರೆ ಯಾರೂ ಅಲ್ಲ, ನಿಪ್ಪಾನ್ ಕೊಗಾಕು. ಕ್ಯಾನನ್ನಿನ ಮೊದಲ ಕಣ್ಣು ನಿಕಾನ್‌ನದು. ಇದನ್ನು ಹೇಳಿದರೆ ಎರಡೂ ಪಂಗಡದವರಿಗೆ ಸಿಟ್ಟು ಬರುತ್ತದೆ.

ಎರಡನೆಯ ದಿನ ಇರುಂಗಾಟ್ಟುಕೋಟ್ಟೈ. ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರಿಗಿಂತ ಸ್ವಲ್ಪ ಮುಂಚೆ ಸಿಗುವ ರೇಸ್ ಟ್ರ್ಯಾಕ್. ಹಿಂದೆ ಶೋಳಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ರೇಸು ನಡೆಯುತ್ತಿದ್ದ ಊರು ಇದು. ಈ ಟ್ರ್ಯಾಕ್ ಬಂದದ್ದು 1990ರಲ್ಲಿ. ಅಂದು ಬೈಕುಗಳ ಅಭ್ಯಾಸದ ಸುತ್ತುಗಳಿದ್ದವು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಕನ್ನಡಿ ಇರುವ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕು ಒಂದು ಕನ್ನಡಿಗೆ ತಾಗಿ ನಮ್ಮ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದಾಗ ಆ ಕನ್ನಡಿ ಮೇಲೇಳುತ್ತದೆ, ಬೆಳಕು ಸೆನ್ಸರಿಗೆ ಹೋಗುತ್ತದೆ, ಅಷ್ಟು ಹೊತ್ತು ಕಣ್ಣಿಗೆ ಕತ್ತಲು. ಅಂದರೆ ಫೋಟೊ ಆಗುವ ಆ ಒಂದು ಕ್ಷಣವನ್ನು ಫೋಟೊ ತೆಗೆಯುವವನು ಕಾಣುವುದೇ ಇಲ್ಲ. ನಮ್ಮಲ್ಲಿ ಒಂದು ಮಾತಿದೆ: ಕಂಡದ್ದು ಸಿಕ್ಕಿಲ್ಲ, ಸಿಕ್ಕಿದ್ದು ಕಂಡಿಲ್ಲ. ಬ್ಯಾಟಿಗೆ ಚೆಂಡು ತಾಗಿದ್ದು ಕಣ್ಣಿಗೆ ಕಂಡಿತೆಂದರೆ ಚಿತ್ರ ತಪ್ಪಿಹೋಯಿತೆಂದೇ ಅರ್ಥ. ಆದ್ದರಿಂದ ಕಾಣುವ ಮೊದಲೇ ಒತ್ತುವುದನ್ನು ಕಲಿಯಬೇಕು. ಬೌಲರನ ಭುಜ ನೋಡಿ, ಬ್ಯಾಟುಗಾರನ ಮುಂಗಾಲು ನೋಡಿ, ಆಗಲಿರುವುದನ್ನು ಊಹಿಸಬೇಕು. ಇದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ಜೆಡ್ 9ರಲ್ಲಿ ಕನ್ನಡಿ ಇಲ್ಲ. ಅಷ್ಟೇ ಏಕೆ, ಷಟರಿನ ಪರದೆಯೂ ಇಲ್ಲ. ಸೆನ್ಸರ್ ತಾನೇ ಅತಿವೇಗವಾಗಿ ಚಿತ್ರವನ್ನು ಓದಿಕೊಳ್ಳುತ್ತದೆ. ಸವೆಯಲು ಅಲ್ಲಿ ಏನೂ ಇಲ್ಲ. ನಮಗೆ ಕೇಳಿಸುವ ಕ್ಲಿಕ್ ಶಬ್ದ ಕೂಡ ಸ್ಪೀಕರಿನಿಂದ ಬರುವ ಹುಸಿ ಶಬ್ದ, ಬೇಡವೆಂದರೆ ನಿಲ್ಲಿಸಬಹುದು. ತಿರುವಿನಲ್ಲಿ ಬಾಗಿ ಬರುವ ಬೈಕಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ 1/80ರ ವೇಗದಲ್ಲಿ ಒತ್ತಿ ಹಿಡಿದೆ. ಸೆಕೆಂಡಿಗೆ 20 ಚಿತ್ರ. ಕಣ್ಣೆದುರು ಒಂದು ಸಲವೂ ಕತ್ತಲಾಗಲಿಲ್ಲ! ಬೈಕು ಬಂದಿತು, ಮಂಡಿ ನೆಲಕ್ಕೆ ಉಜ್ಜಿತು, ದಾಟಿ ಹೋಯಿತು, ಎಲ್ಲವೂ ಕಂಡಿತು. ಇಷ್ಟು ವರ್ಷ ಬಾಗಿಲ ಸಂದಿಯಿಂದ ನೋಡಿದ ನಾಟಕವನ್ನು ಮೊದಲ ಸಾಲಿನಲ್ಲಿ ಕೂತು ನೋಡಿದ ಹಾಗಾಯಿತು. ಸವಾರನ ಹೆಲ್ಮೆಟ್ಟಿಗೆ ಅಂಟಿದ ಫೋಕಸ್ ಚೌಕ ಬಿಟ್ಟುಕೊಡಲೇ ಇಲ್ಲ. ಹಳೆಯದರಲ್ಲಿ 61 ಬಿಂದುಗಳಲ್ಲಿ ಬೇಕಾದದ್ದನ್ನು ನಾನೇ ಹೆಬ್ಬೆರಳಲ್ಲಿ ಸರಿಸುತ್ತಿರಬೇಕು. ಐವತ್ತು ದಾಟಿದ ಹೆಬ್ಬೆರಳು, ಐವತ್ತು ದಾಟಿದ ಕಣ್ಣು. ಈ ಸಹಾಯ ಸಣ್ಣದಲ್ಲ.

ಭಾರದ ವಿಷಯವೂ ಹೇಳಬೇಕು. ನನ್ನ ಕ್ಯಾಮೆರಾ, 300 ಎಂಎಂ ಎಫ್ 2.8 ಲೆನ್ಸ್ ಸೇರಿದರೆ ನಾಲ್ಕು ಕೆಜಿ ಆಸುಪಾಸು. ಇದು ಎರಡೂಮುಕ್ಕಾಲು ಕೆಜಿ ಒಳಗೆ. ಸಂಜೆ ಸೊಂಟ ನಿಕಾನ್ ಪರವಾಗಿ ಮತ ಹಾಕಿತು. ಆದರೆ ಹೋಲಿಕೆ ನ್ಯಾಯವಾಗಿರಬೇಕಲ್ಲ. ಎಫ್ 4.5ಕ್ಕಿಂತ ಎಫ್ 2.8 ಎರಡೂವರೆ ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಹಗಲಲ್ಲಿ ನಡೆಯುತ್ತದೆ, ಸಂಜೆ ಆರರ ಕಬಡ್ಡಿಗೆ ಕಷ್ಟ. ಇನ್ನೊಂದು ವಿಷಯ: ಈ ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದು ಸಣ್ಣ ಟಿವಿ, ನಿಜವಾದ ಬೆಳಕಲ್ಲ. ಸುಮ್ಮನೆ ನೋಡುತ್ತಿದ್ದರೂ ಬ್ಯಾಟರಿ ತಿನ್ನುತ್ತದೆ. ನಾಲ್ಕು ಗಂಟೆಯ ಬಿಸಿಲಿನ ನಂತರ ನನ್ನ ಕನ್ನಡಕದ ಕಣ್ಣು ಉರಿಯತೊಡಗಿತ್ತು.

ಮೂರನೆಯ ದಿನ ಒಳಾಂಗಣ ಬ್ಯಾಡ್ಮಿಂಟನ್. ನಮ್ಮ ಮನೆಯ ಕರೆಂಟು 50 ಹರ್ಟ್ಸ್ ಆದ್ದರಿಂದ ಸಾದಾ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎಲ್‌ಇಡಿಗಳು ಇನ್ನೂ ವೇಗವಾಗಿ ಮಿಣುಕಬಹುದು. ನಮ್ಮ ಕಣ್ಣಿಗೆ ಗೊತ್ತಾಗದ ಇದು ವೇಗದ ಫೋಟೊದಲ್ಲಿ ಅಡ್ಡಪಟ್ಟಿಗಳಾಗಿ ಬೀಳುತ್ತದೆ. ನನ್ನ ಹಳೆಯದಕ್ಕೂ ಈ ಕಾಟ ಇದ್ದೇ ಇತ್ತು. ಜೆಡ್ 9ರಲ್ಲಿ ಇದಕ್ಕೆಂದೇ ಇರುವ ಮೆನುವಿಗೆ ಹೋಗಿ ಷಟರ್ ವೇಗವನ್ನು ಚೂರುಚೂರೇ ಹೊಂದಿಸುತ್ತ ಹೋದರೆ ಪಟ್ಟಿಗಳು ಕಣ್ಣೆದುರೇ ಕರಗುತ್ತವೆ. ಇದು ನಿಜಕ್ಕೂ ದೊಡ್ಡ ಉಪಕಾರ.

ನನ್ನ ಜೊತೆ ಸಹಾಯಕ್ಕೆ ಬರುವ ಹುಡುಗನೊಬ್ಬನಿದ್ದಾನೆ. ಫುಟ್‌ಬಾಲಿಗೆ ಹೆಸರಾದ ವ್ಯಾಸರ್ಪಾಡಿಯವನು, ಇಪ್ಪತ್ತರ ವಯಸ್ಸು. ಮಧ್ಯಾಹ್ನ ಕ್ಯಾಮೆರಾ ಅವನ ಕೈಗೆ ಕೊಟ್ಟೆ. ಅದರಲ್ಲಿ ಒಂದು ಮಾಯೆ ಇದೆ. ಬಟನ್ ಅರ್ಧ ಒತ್ತಿ ಹಿಡಿದಿದ್ದರೆ ಸಾಕು, ಪೂರ್ತಿ ಒತ್ತಿದಾಗ ಅದಕ್ಕೆ ಒಂದು ಸೆಕೆಂಡ್ ಮೊದಲಿನಿಂದಲೂ ಚಿತ್ರಗಳನ್ನು ಉಳಿಸಿಕೊಡುತ್ತದೆ. ಜೆಪೆಗ್ ಮಾತ್ರ, ಆದರೂ ಸರಿ. ಅಂದರೆ ಕಂಡ ಮೇಲೆ ಒತ್ತಿದರೂ ಸಿಗುತ್ತದೆ! ಹುಡುಗ ಐದನೆಯ ನಿಮಿಷಕ್ಕೆ ಓಡಿಬಂದ. ಸ್ಮ್ಯಾಷ್ ಹೊಡೆಯುವ ಹುಡುಗಿಯ ರಾಕೆಟ್ಟಿನ ಜಾಲಕ್ಕೆ ಷಟಲ್ ಅಂಟಿ ನಿಂತ ಚಿತ್ರ, ಆಕೆಯ ಕಣ್ಣು ಚೂಪಾಗಿ ಫೋಕಸಿನಲ್ಲಿದೆ. "ವೇರ ಲೆವೆಲ್ ಅಣ್ಣಾ!" ಎಂದ.

ನಾನೂ ನಕ್ಕೆ. ಒಳಗೆ ಮಾತ್ರ ಏನೋ ಚುಚ್ಚಿತು. ಹತ್ತು ವರ್ಷ ಬೆವರು ಸುರಿಸಿ ಕಲಿತ ವಿದ್ಯೆ, ಕಾಣುವ ಮೊದಲೇ ಒತ್ತುವ ವಿದ್ಯೆ, ಐದು ನಿಮಿಷಕ್ಕೆ ಬಾಡಿಗೆಗೆ ಸಿಗುತ್ತದೆ ಎಂದಾದರೆ ನಾನು ಗಿರಾಕಿಗಳಿಗೆ ಇನ್ನು ಏನನ್ನು ಮಾರಬೇಕು? ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಬಣ್ಣ ನೋಡಿಯೇ ಬಿಸಿ ಎಷ್ಟೆಂದು ಹೇಳುವ ಹಿರಿಯರು ಇದ್ದರಂತೆ. ಮೀಟರು ಬಂದ ಮೇಲೆ ಅವರೇನಾದರು ಎಂದು ನಾನು ಚಿಕ್ಕಂದಿನಲ್ಲಿ ಕೇಳಿರಲಿಲ್ಲ.

ರಾತ್ರಿ ಮನೆಯಲ್ಲಿ ಕೂತು ಮೂರು ದಿನದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಹುಡುಗ ತೆಗೆದದ್ದೇ ಸಾವಿರದ ಹತ್ತಿರ. ಬಹುಪಾಲು ಚೂಪಾಗಿವೆ, ಸರಿಯಾದ ಕ್ಷಣದಲ್ಲೂ ಇವೆ. ಆದರೆ ಒಂದರ ಹಿಂದೆ ಒಂದು ಬಿಟ್ಟುನೋಡಿದಾಗ ಇನ್ನೇನೋ ಕಂಡಿತು. ಅವನ ಒಳ್ಳೆಯ ಚಿತ್ರಗಳೆಲ್ಲ ಅಂಕಣದ ಒಂದೇ ಮೂಲೆಯಿಂದ ತೆಗೆದವು. ಆ ಮೂಲೆಯಲ್ಲಿ ಹಿನ್ನೆಲೆ ಕಪ್ಪಗಿದೆ, ಆಟಗಾರ್ತಿಯ ಮುಖ ತಿರುಗುವುದೂ ಅದೇ ಕಡೆಗೆ. ಅಲ್ಲಿ ನಿಲ್ಲು ಎಂದು ಯಂತ್ರ ಹೇಳಿರಲಿಲ್ಲ. ಫುಟ್‌ಬಾಲ್ ಆಡಿದವನಿಗೆ ಆಟ ಎತ್ತ ತಿರುಗುತ್ತದೆಂದು ಗೊತ್ತಿರುತ್ತದೆ, ಜೊತೆಗೆ ಎರಡು ವರ್ಷ ನನ್ನ ಬೆನ್ನ ಹಿಂದೆ ನಿಂತು ನೋಡಿದ್ದಾನೆ. ನನ್ನ ಶುಕ್ರವಾರದ ಚಿತ್ರಗಳಲ್ಲಿ ನನಗೆ ಹಿಡಿಸಿದ್ದು ಒಂದೇ ಒಂದು. ರಿಲೇಯಲ್ಲಿ ಕೋಲು ಕೈಜಾರಿ ಬಿದ್ದ ಹುಡುಗಿಯನ್ನು ದಾಟಿ ಎಲ್ಲರೂ ಗುರಿಯತ್ತ ಓಡುತ್ತಿದ್ದರು. ಕ್ಯಾಮೆರಾ ಕೂಡ ಮುಂದೋಡುವ ಮುಖಗಳಿಗೇ ಅಂಟಿಕೊಳ್ಳಲು ಹವಣಿಸುತ್ತಿತ್ತು. ಅದನ್ನು ಬಿಡಿಸಿ ಹಿಂದಕ್ಕೆ ತಿರುಗಿಸಿದೆ. ಕೋಲನ್ನು ಎತ್ತಿಕೊಂಡು, ಯಾರೂ ಇಲ್ಲದ ಟ್ರ್ಯಾಕಿನಲ್ಲಿ ಅವಳು ತನ್ನ ಸುತ್ತನ್ನು ಓಡಿ ಮುಗಿಸುತ್ತಿದ್ದಳು. ಆ ಚಿತ್ರವನ್ನು ನೋಡಿದ ಆ ಶಾಲೆಯ ಪಿಟಿ ಮೇಡಂ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡಿ ಎಂದರು.

ಕೊನೆಗೆ ಕಾಗದ ತೆಗೆದುಕೊಂಡು ಎರಡು ಪಟ್ಟಿ ಮಾಡಿದೆ. ಇಷ್ಟವಾದವು: ಕತ್ತಲಾಗದ ಕಿಂಡಿ, ಕಣ್ಣಿಗೆ ಅಂಟುವ ಫೋಕಸ್, ಸದ್ದಿಲ್ಲದ ಷಟರ್, ಕಡಿಮೆ ಭಾರ. ಇಷ್ಟವಾಗದವು: ಉಲ್ಟಾ ಉಂಗುರ, ಬೇರೆ ಬೇರೆ ಹೆಸರು, ಸಿಗದ ಬಟನ್. ಪಟ್ಟಿ ನೋಡುತ್ತ ಹೋದಂತೆ ವಿಷಯ ನಿಚ್ಚಳವಾಯಿತು. ಇಷ್ಟವಾದ ಯಾವುದೂ ನಿಕಾನಿಗೆ ಮಾತ್ರ ಸೇರಿದ್ದಲ್ಲ. ಅವು ಕಾಲಕ್ಕೆ ಸೇರಿದವು. ಸೋನಿಯಲ್ಲಿವೆ, ನನ್ನದೇ ಕ್ಯಾನನ್ನಿನ ಹೊಸ ಕ್ಯಾಮೆರಾಗಳಲ್ಲೂ ಇವೆ. ಇಷ್ಟವಾಗದವು ಮಾತ್ರ ಬ್ರ್ಯಾಂಡಿಗೆ ಸೇರಿದವು, ಅವೂ ಒಂದು ತಿಂಗಳಲ್ಲಿ ಕೈಗೆ ಒಗ್ಗುವಂಥವು. ಎದುರಾಳಿಯನ್ನು ಪರೀಕ್ಷಿಸುತ್ತಿದ್ದೇನೆ ಎಂದುಕೊಂಡು ಮೂರು ದಿನ ನಾನು ಪರೀಕ್ಷಿಸಿದ್ದು ಎಂಟು ವರ್ಷಗಳ ಅಂತರವನ್ನು.

ಊರು ಬಿಟ್ಟು ಬಂದ ನಮಗೆಲ್ಲ ಇದು ಗೊತ್ತಿರುವ ಗೊಂದಲವೇ. ಚೆನ್ನೈಗೆ ಬಂದು ಮಕ್ಕಳು ಕನ್ನಡ ಓದುವುದಿಲ್ಲ, ಅಕ್ಕಪಕ್ಕದವರು ಬಾಗಿಲು ತಟ್ಟುವುದಿಲ್ಲ ಎಂದು ಕೊರಗುತ್ತೇವೆ. ಭದ್ರಾವತಿಗೆ ಹೋಗಿ ನೋಡಿದರೆ ಅಲ್ಲೂ ಹಾಗೆಯೇ. ಊರು ಬದಲಾಯಿಸಿದ್ದರಿಂದ ಆದದ್ದು ಎಷ್ಟು, ಕಾಲ ಬದಲಾದದ್ದರಿಂದ ಆದದ್ದು ಎಷ್ಟು ಎಂದು ಬಿಡಿಸಿ ನೋಡುವುದು ಸುಲಭವಲ್ಲ. ಆದರೆ ಬಿಡಿಸಿ ನೋಡದೆ ತೀರ್ಮಾನ ಮಾಡಿದರೆ ದುಬಾರಿಯಾಗುತ್ತದೆ.

ಸೋಮವಾರ ಕ್ಯಾಮೆರಾ ಹಿಂದಿರುಗಿಸಿದೆ. ಎರಡು ವಾರದ ನಂತರ ಒಂದು ಸೆಕೆಂಡ್ ಹ್ಯಾಂಡ್ ಕ್ಯಾನನ್ ಆರ್ 3 ಕೊಂಡೆ. ಒಂದು ಅಡಾಪ್ಟರ್ ಹಾಕಿದರೆ ನನ್ನ ಹಳೆಯ ಬಿಳಿ ಲೆನ್ಸುಗಳೆಲ್ಲ ಅದಕ್ಕೆ ಕೂರುತ್ತವೆ. ಇದು ನಿಷ್ಠೆಯಲ್ಲ, ಲೆಕ್ಕ. ಲೆನ್ಸ್ ಇಲ್ಲದೆ ಹೊಸದಾಗಿ ಶುರುಮಾಡುವವರು ನನ್ನನ್ನು ಕೇಳಿದರೆ ಧೈರ್ಯವಾಗಿ ಜೆಡ್ 9 ನೋಡಿ ಎನ್ನುತ್ತೇನೆ. ಆದರೆ ನಿಮ್ಮದೇ ಮೈದಾನಕ್ಕೆ, ನಿಮ್ಮದೇ ಬಿಸಿಲಿಗೆ, ನಿಮ್ಮದೇ ಮಂಕು ದೀಪದ ಹಾಲಿಗೆ ಒಯ್ದು ನೋಡಿ. ಒಂದು ದಿನ ಸಾಲದು, ಮೊದಲ ದಿನವಿಡೀ ಕೈ ಹಳೆಯ ಭಾಷೆಯನ್ನೇ ಆಡುತ್ತಿರುತ್ತದೆ.

ಹಳೆಯ ಒನ್ ಡಿ ಎಕ್ಸ್ ಅನ್ನು ಹುಡುಗನಿಗೆ ಕೊಟ್ಟೆ. ಷಟರ್ ಇರುವಷ್ಟು ದಿನ ಇರಲಿ, ಕಾಣುವ ಮೊದಲೇ ಒತ್ತುವುದು ಹೇಗೆಂದು ಅವನೂ ಒಮ್ಮೆ ನೋಡಲಿ ಎಂದು. ಅದನ್ನು ಕೊರಳಿಗೆ ಹಾಕಿಕೊಂಡವನೇ ಕುತ್ತಿಗೆ ಒಂದು ಕಡೆ ವಾಲಿಸಿ, "ರೊಂಬ ವೆಯ್ಟ್ ಅಣ್ಣಾ" ಎಂದ. ಮುಂದಿನ ವಾರ ನಂದನಂನಲ್ಲಿ ಕಾಲೇಜು ಕೂಟವಿದೆ, ನೂರು ಮೀಟರಿನ ಗುರಿಗೆರೆಯನ್ನು ಅವನಿಗೇ ಬಿಟ್ಟಿದ್ದೇನೆ.